ಪರದೇಶದಲ್ಲಿ ಏನು ತಿನ್ನೋದು? ಅನೊರೆಕ್ಸಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬರ ಪ್ರಕರಣ

ಈ ಪ್ರಕರಣದಲ್ಲಿರುವವರು ಮೂವತ್ತರೊಳಗಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಕಾಲೇಜಿನ ದಿನಗಳಲ್ಲಿ ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಹೋಗುವ ಮಾನಸಿಕ ಕಾಯಿಲೆ, ಶುರುವಾಗಿತ್ತು. ಒಮ್ಮೆ ಆಸ್ಪತ್ರೆ ಸೇರಿದ್ದರು. ಆಮೇಲೆ ಮನೋವೈದ್ಯರ ಹತ್ತಿರ ದೀರ್ಘಕಾಲ ಚಿಕಿತ್ಸೆ ನಡೆಯಿತು. ಊಟದ ವಿಷಯ ನನ್ನ ಪಾಲಿಗೆ ಬಂತು, ನಾನು ಡಯಟೀಷಿಯನ್. ಚೇತರಿಕೆ ಚೆನ್ನಾಗಿಯೇ ಸಾಗಿತ್ತು, ಆದರೆ ಪೂರ್ತಿ ಮುಗಿದಿರಲಿಲ್ಲ. ಅಷ್ಟರಲ್ಲಿ ಕಂಪನಿಯವರು ಆರು ತಿಂಗಳ ಪ್ರಾಜೆಕ್ಟಿಗೆ ಯುರೋಪಿನ ಒಂದು ದೇಶಕ್ಕೆ ಹೋಗಲು ಕೇಳಿದರು.

ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ತೂಕ, ಕ್ಯಾಲೊರಿಗಳ ಅಂಕಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಕಾಯಿಲೆ ಇರುವವರು ಅಂಥ ಅಂಕಿ ಕಂಡರೆ ಮೊದಲು ಮಾಡುವ ಕೆಲಸ ಅದನ್ನು ತಮ್ಮದರ ಜೊತೆ ಹೋಲಿಸಿಕೊಳ್ಳುವುದು. ಅಂಕಿ ಇಲ್ಲದೆಯೂ ಪ್ರಕರಣ ಅರ್ಥವಾಗುತ್ತದೆ.

ಹೊರಡುವ ಮೊದಲು

ಹೋಗಬೇಕೋ ಬೇಡವೋ ಅನ್ನುವುದೇ ಮೊದಲ ಪ್ರಶ್ನೆಯಾಗಿತ್ತು. ತಾಯಿಗೆ ಕಳಿಸಲು ಇಷ್ಟವಿರಲಿಲ್ಲ, ಮಗಳಿಗೆ ಹೋಗಲೇಬೇಕಿತ್ತು. ಮನೋವೈದ್ಯರು ನೋಡಿದ ಲೆಕ್ಕ ಬೇರೆ. ತೂಕ ತಿಂಗಳುಗಳಿಂದ ಒಂದು ಮಟ್ಟದಲ್ಲಿ ನಿಂತಿದೆಯಾ? ಮುಟ್ಟು ಸರಿಯಾಗಿ ಬರುತ್ತಿದೆಯಾ? ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಸರಿ ಇವೆಯಾ? ಪಕ್ಕದಲ್ಲಿ ಯಾರೂ ಕೂರದಿದ್ದರೂ ಆಕೆ ತಟ್ಟೆ ಖಾಲಿ ಮಾಡುತ್ತಾರಾ? ಎಲ್ಲದಕ್ಕೂ ಹೌದು ಅಂತ ಬಂದ ಮೇಲೆ ಅವರು ಒಪ್ಪಿದರು. ಒಂದು ಷರತ್ತನ್ನೂ ಹಾಕಿದರು. ತೂಕ ಒಂದು ಗೆರೆಗಿಂತ ಕೆಳಗೆ ಇಳಿದರೆ, ಪ್ರಾಜೆಕ್ಟ್ ಎಷ್ಟೇ ಬಾಕಿ ಇರಲಿ, ವಾಪಸ್ ಬರಬೇಕು. ಅದನ್ನು ಬರೆದು ಆಕೆಯೇ ಸಹಿ ಹಾಕಿದರು. ಇಂಥದ್ದನ್ನು ಆರೋಗ್ಯ ನೆಟ್ಟಗಿರುವಾಗಲೇ ಮಾಡಿಕೊಳ್ಳಬೇಕು. ತೂಕ ಇಳಿಯತೊಡಗಿದ ಮೇಲೆ ಕೇಳಿದರೆ "ನಾನು ಚೆನ್ನಾಗೇ ಇದ್ದೀನಲ್ಲ" ಅನ್ನುತ್ತಾರೆ, ಅದನ್ನು ಮನಸಾರೆ ನಂಬಿಯೂ ಇರುತ್ತಾರೆ.

ಊಟದ ಚೌಕಟ್ಟು ಮೊದಲಿನಿಂದ ಇದ್ದದ್ದೇ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲಿ ಹೊತ್ತಿಗೆ ಸರಿಯಾಗಿ ತಿನ್ನುವುದೇ ಬುನಾದಿ. ದಿನಕ್ಕೆ ಮೂರು ಊಟ, ನಡುವೆ ಎರಡೋ ಮೂರೋ ಸಲ ತಿಂಡಿ, ಒಂದರಿಂದ ಇನ್ನೊಂದಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವು ಬೇಡ. ಹಸಿವಾದಾಗ ತಿನ್ನಿ ಅನ್ನುವ ಮಾತು ಇವರಿಗೆ ಇನ್ನೂ ಹೊಂದುವುದಿಲ್ಲ. ವರ್ಷಗಟ್ಟಲೆ ಹಸಿವನ್ನು ತಳ್ಳಿಕೊಂಡು ಬಂದವರಿಗೆ ಅದು ಹೊತ್ತಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಗಡಿಯಾರ ನೋಡಿ ತಿನ್ನಬೇಕು.

ಆಕೆ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು. ಅಲ್ಲಿ ಹೆದರಿಕೆ ಇಲ್ಲದೆ ತಿನ್ನಬಹುದಾದ ಸೇಫ್ ಫುಡ್‌ಗಳು ಅಂತ. ಸೇಬು, ಸಲಾಡ್, ತಿಳಿ ಸೂಪ್, ಕೊಬ್ಬಿಲ್ಲದ ಮೊಸರು, ಬ್ರೌನ್ ಬ್ರೆಡ್, ಓಟ್ಸ್. ಓದಿದಾಗ ನನಗೆ ಅನಿಸಿದ್ದು, ಇದರಲ್ಲಿ ಅರ್ಧ ಆಕೆ ಬರೆದದ್ದು, ಇನ್ನರ್ಧ ಕಾಯಿಲೆ ಬರೆದದ್ದು. ಓಟ್ಸ್, ಬ್ರೆಡ್ ಆಕೆಗೆ ನಿಜಕ್ಕೂ ಇಷ್ಟ, ಹೊಟ್ಟೆಗೂ ಹಿತ. ತಿಳಿ ಸೂಪ್ ಯಾಕೆ ಪಟ್ಟಿಯಲ್ಲಿದೆ ಅಂತ ಕೇಳಿದರೆ ಉತ್ತರ ಬರಲಿಲ್ಲ. ಅದರಲ್ಲಿ ಏನೂ ಇಲ್ಲ ಅನ್ನುವುದೇ ಅದರ ಗುಣವಾಗಿತ್ತು.

ನಾವು ಪಟ್ಟಿಯನ್ನು ಹೊಸದಾಗಿ ಮಾಡಿದೆವು. ಅದಕ್ಕೆ ಸೇರಬೇಕಾದರೆ ಆಹಾರ ದೇಹಕ್ಕೆ ನಿಜವಾಗಿ ಏನಾದರೂ ಕೊಡಬೇಕು, ಯಾವ ಊರಿನ ಸಾಧಾರಣ ಅಂಗಡಿಯಲ್ಲೂ ಸಿಗಬೇಕು, ಅಡುಗೆ ಬಾರದಿದ್ದರೂ ನಡೆಯಬೇಕು. ಹೀಗೆ ಸೋಸಿದಾಗ ಉಳಿದದ್ದು: ಬ್ರೆಡ್, ಚೀಸ್, ಕೆನೆಭರಿತ ಮೊಸರು, ಹಾಲು, ಓಟ್ಸ್, ಬಾಳೆಹಣ್ಣು, ಪೀನಟ್ ಬಟರ್, ಬಾದಾಮಿ ಗೋಡಂಬಿಯಂಥ ಬೀಜಗಳು, ಪಾಸ್ತಾ, ಅನ್ನ, ಬೆಣ್ಣೆ ಹಾಕಿದ ಬೇಯಿಸಿದ ಆಲೂಗಡ್ಡೆ, ಡಬ್ಬಿಯಲ್ಲಿ ಬರುವ ಬೇಯಿಸಿದ ಕಡಲೆ ಮತ್ತು ಬೇಳೆ, ಆಲಿವ್ ಎಣ್ಣೆ, ಹಣ್ಣಿನ ಜ್ಯೂಸ್. ಸಪ್ಪೆ ಪಟ್ಟಿ, ಒಪ್ಪುತ್ತೇನೆ. "ದಿನಾ ಇದನ್ನೇ ತಿಂದರೆ ಬೋರಾಗಲ್ವಾ ಮೇಡಂ?" ಅಂದರು. ಬೋರಾಗುತ್ತೆ, ಆಗಲಿ ಬಿಡಿ ಅಂದೆ. ಮೊದಲ ಕೆಲವು ವಾರ ವೈವಿಧ್ಯದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಗೆಬಗೆಯಾಗಿ ತಿನ್ನಿ ಅಂತ ಸಲಹೆ ಕೊಡುವುದು ಸುಲಭ. ಹೊಸ ಊರು, ಹೊಸ ಭಾಷೆ, ಹೊಸ ಕೆಲಸ ಎಲ್ಲ ಒಟ್ಟಿಗೆ ಬಂದಾಗ ಹೊಸ ರುಚಿಯನ್ನೂ ಹೊರಿಸಿದರೆ ಮೊದಲು ಕೈಬಿಟ್ಟುಹೋಗುವುದು ಊಟವೇ.

ಸಸ್ಯಾಹಾರದ ವಿಷಯವನ್ನೂ ಆಗಲೇ ಬಿಡಿಸಿಕೊಂಡೆವು. ಆಕೆ ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಅದು ಕಾಯಿಲೆಗಿಂತ ಎಷ್ಟೋ ಹಿಂದಿನದು, ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಆದರೆ ಹಾಲು, ಬೆಣ್ಣೆ ಬಿಟ್ಟದ್ದು ಕಾಯಿಲೆ ಶುರುವಾದ ವರ್ಷ. ಆಗ ಕೊಟ್ಟ ಕಾರಣ ಹೊಟ್ಟೆಗೆ ಆಗಲ್ಲ ಅಂತ. ಚಿಕಿತ್ಸೆಯಲ್ಲಿ ಹಾಲು ಮತ್ತೆ ಶುರು ಮಾಡಿದಾಗ ಹೊಟ್ಟೆಗೆ ಏನೂ ಆಗಿರಲಿಲ್ಲ. ನಿಯಮ ಯಾವಾಗ ಹುಟ್ಟಿತು ಅಂತ ಕೇಳಿದರೆ ಅದು ಯಾರದ್ದು ಅಂತ ಬಹಳಷ್ಟು ಸಲ ಗೊತ್ತಾಗಿಬಿಡುತ್ತದೆ. ಹಾಗಾಗಿ ಪರದೇಶದಲ್ಲಿ ಸಸ್ಯಾಹಾರ ಇರುತ್ತದೆ, ಹಾಲು ಬಿಡುವ ಹಾಗಿಲ್ಲ ಅಂತ ತೀರ್ಮಾನವಾಯಿತು.

ಪ್ರಯಾಣದ ದಿನ

ವಿಮಾನದ ದಿನ ಈ ಕಾಯಿಲೆಗೆ ಹಬ್ಬ. ಗಂಟೆಗಳೇ ಕಲಸಿಹೋಗಿರುತ್ತವೆ. ಇದು ಬೆಳಗಿನ ತಿಂಡಿಯೋ ರಾತ್ರಿ ಊಟವೋ ಯಾರಿಗೂ ಗೊತ್ತಿಲ್ಲ, ಎರಡು ಹೊತ್ತು ಬಿಟ್ಟರೂ ಕೇಳುವವರಿಲ್ಲ. ನಾವು ಊಟಗಳ ಹೆಸರನ್ನೇ ಬಿಟ್ಟುಬಿಟ್ಟೆವು. ಮನೆ ಬಿಟ್ಟ ಗಳಿಗೆಯಿಂದ ಮೂರೂವರೆ ಗಂಟೆಗೊಮ್ಮೆ ಫೋನಿನಲ್ಲಿ ಅಲಾರಂ. ಹೊಡೆದಾಗ ತಿನ್ನಬೇಕು. ತಲುಪಿದ ಮಾರನೇ ಬೆಳಿಗ್ಗೆಯಿಂದ ಅಲ್ಲಿನ ಗಡಿಯಾರ. ಮಲಗಿದ್ದರೆ ಮಾತ್ರ ವಿನಾಯಿತಿ, ಎದ್ದ ತಕ್ಷಣ ಆ ಪಾಲು ಬರಬೇಕು.

ವಿಮಾನದಲ್ಲಿ ಸಸ್ಯಾಹಾರಿ ಊಟ ಬೇಕಾದರೆ ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮೊದಲೇ ಹೇಳಬೇಕು. ಹೇಳಿದ್ದೂ ಆಯಿತು. ಬ್ಯಾಗಿನಲ್ಲಿ ಬ್ರೆಡ್, ಬೀಜಗಳು, ಒಣಹಣ್ಣು, ಒಂದು ಪೀನಟ್ ಬಟರ್ ಬಾಟಲಿ ಇದ್ದವು. ಆ ಬಾಟಲಿ ಸೆಕ್ಯುರಿಟಿಯಲ್ಲಿ ಹೋಯಿತು. ಪೀನಟ್ ಬಟರ್ ಅವರ ಲೆಕ್ಕದಲ್ಲಿ ದ್ರವದ ಗುಂಪಿಗೆ ಸೇರುತ್ತದೆ, 100 ಮಿಲಿ ಮೀರಿದರೆ ಕೈಚೀಲದಲ್ಲಿ ಬಿಡುವುದಿಲ್ಲ. ಹೊರಗಿನವರಿಗೆ ಇದು ನಗು ಬರಿಸುವ ವಿಷಯ. ಆಕೆಗೆ ಮಾತ್ರ ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಒಂದು ಪಾಲು ಕೈಯಿಂದ ಜಾರಿದ ಹಾಗಾಯಿತು. ಮುಂದಿನ ಅಲಾರಂಗೆ ಒಣ ಬ್ರೆಡ್ ಮಾತ್ರ ತಿಂದರು. ಇನ್ನೊಂದು ವಿಷಯವೂ ಗೊತ್ತಿರಲಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ, ಹಾಲಿನ ಪದಾರ್ಥ ಸಾಮಾನಿನಲ್ಲಿ ತರುವ ಹಾಗಿಲ್ಲ. ಹಾಗಾಗಿ ಚೀಸ್, ಹಾಲಿನ ಪುಡಿ ಹೊತ್ತುಕೊಂಡು ಹೋಗುವ ಯೋಚನೆಯನ್ನು ಮೊದಲೇ ಕೈಬಿಟ್ಟಿದ್ದೆವು.

"ಇಲ್ಲಿ ಏನೂ ಸಿಗ್ತಿಲ್ಲ"

ಮೊದಲ ವಿಡಿಯೋ ಕಾಲ್‌ನಲ್ಲೇ ಈ ಮಾತು ಬಂತು. ಇಡೀ ಪ್ರಕರಣ ಈ ಒಂದು ಮಾತಿನ ಸುತ್ತ ತಿರುಗಿತು ಅಂದರೂ ತಪ್ಪಿಲ್ಲ. ಇದು ನಿಜವೂ ಆಗಿರಬಹುದು, ಕಾಯಿಲೆಯ ನೆಪವೂ ಆಗಿರಬಹುದು. ಮನೆಯಲ್ಲಿದ್ದಾಗ ಊಟ ಬಿಡಲು ಕಾರಣ ಹುಡುಕಬೇಕಿತ್ತು. ಪರದೇಶದಲ್ಲಿ ಕಾರಣಗಳು ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತವೆ. ಲೇಬಲ್ ಓದಲು ಬರಲ್ಲ, ಸಸ್ಯಾಹಾರ ಇಲ್ಲ, ಅಂಗಡಿ ಮುಚ್ಚಿತ್ತು, ಮೀಟಿಂಗ್ ಇತ್ತು, ಜೆಟ್‌ಲ್ಯಾಗ್, ನೀರು ಒಗ್ಗಿಲ್ಲ. ಯಾರೇ ಕೇಳಲಿ, "ಅಯ್ಯೋ ಪಾಪ" ಅನ್ನುತ್ತಾರೆ. ಅನುಮಾನ ಪಡುವವರಿಲ್ಲ.

ನಾನು ವಾದಕ್ಕೆ ಹೋಗಲಿಲ್ಲ. ಒಂದೊಂದು ಅಡ್ಡಿಯನ್ನೂ ತೆಗೆದು ನೋಡೋಣ ಅಂದೆ. ಅಡ್ಡಿ ತೆಗೆದ ಮೇಲೆ ಊಟ ಹೊಟ್ಟೆಗೆ ಹೋದರೆ ಅಡ್ಡಿ ನಿಜ. ಅಡ್ಡಿ ಹೋದ ಕೂಡಲೇ ಇನ್ನೊಂದು ಹುಟ್ಟಿಕೊಂಡರೆ ಅದು ಬೇರೆ ಕತೆ.

ಕೆಲವು ನಿಜವೇ ಆಗಿದ್ದವು. ಆಕೆ ಕೊಳ್ಳುತ್ತಿದ್ದ ಹಣ್ಣಿನ ಮೊಸರಿನಲ್ಲಿ ಜೆಲಟಿನ್ ಇತ್ತು. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಮಾಡುವಂಥದ್ದು. ಪಾರ್ಮಿಜಾನೋ ರೆಜಾನೋದಂಥ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಸಸ್ಯಾಹಾರಿಗೆ ಇವೆರಡೂ ಆಗದ ಮಾತು, ಇದರಲ್ಲಿ ನೆಪವೇನೂ ಇಲ್ಲ. ಪರಿಹಾರವೂ ಸುಲಭವಿತ್ತು. ಯುರೋಪಿನಲ್ಲಿ ಬಹಳಷ್ಟು ಪೊಟ್ಟಣಗಳ ಮೇಲೆ ಹಳದಿ ವೃತ್ತದಲ್ಲಿ ಹಸಿರು ವಿ ಅಕ್ಷರ ಇರುತ್ತದೆ, ವಿ-ಲೇಬಲ್ ಅಂತ. ಅದಿರುವ ಒಂದು ಚೀಸ್, ಜೊತೆಗೆ ಸಾದಾ ಮೊಸರು ಗೊತ್ತು ಮಾಡಿಕೊಂಡರು. ಆ ಅಡ್ಡಿ ಅಲ್ಲಿಗೆ ಮುಗಿಯಿತು, ಚೀಸ್ ಹೊಟ್ಟೆಗೂ ಹೋಯಿತು.

ಭಾನುವಾರದ್ದೂ ನಿಜ. ಆ ದೇಶದಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮೊದಲ ಭಾನುವಾರ ಆಕೆಯ ಕೋಣೆಯಲ್ಲಿ ಇದ್ದದ್ದು ಎರಡು ಬಾಳೆಹಣ್ಣು. ಶನಿವಾರ ಸಂಜೆಯ ಅಲಾರಂಗಳ ಪಟ್ಟಿಗೆ ಖರೀದಿಯನ್ನೂ ಸೇರಿಸಿದೆವು. ಆದರೆ ಎರಡನೇ ಭಾನುವಾರ ಫ್ರಿಜ್ ತುಂಬಿತ್ತು, ಊಟ ಮಾತ್ರ ಆಗಿರಲಿಲ್ಲ. "ಅಡುಗೆಮನೆ ಹಂಚಿಕೊಳ್ಳೋದು, ಅಲ್ಲಿ ಯಾರೋ ಇದ್ರು" ಅಂದರು. ಕೋಣೆಯಲ್ಲೇ ಬ್ರೆಡ್ ಚೀಸ್ ತಿನ್ನಬಹುದಿತ್ತಲ್ಲ ಅಂದಾಗ ಬಹಳ ಹೊತ್ತು ಸುಮ್ಮನಿದ್ದು, "ಹೌದು" ಅಂದರು. ಬೈಯುವ ಅಗತ್ಯ ಬೀಳಲಿಲ್ಲ. ಯಾವ ಅಡ್ಡಿ ಯಾವ ಜಾತಿಯದು ಅಂತ ಆಕೆಗೇ ಕಾಣತೊಡಗಿತ್ತು.

ಸೂಪರ್‌ಮಾರ್ಕೆಟಿನ ಒಂದು ಗಂಟೆ

ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು ಅಂಗಡಿ. ಆಕೆ ಸಂಜೆ ಅಂಗಡಿಗೆ ಹೋದರೆ ಒಂದು ಗಂಟೆಗೂ ಮೀರಿ ಓಡಾಡುತ್ತಿದ್ದರು. ಪ್ರತಿ ಪೊಟ್ಟಣ ತೆಗೆದು, ತಿರುಗಿಸಿ, ಓದಿ, ಇಟ್ಟು, ಕೊನೆಗೆ ಏನೋ ಒಂದು ಚಿಕ್ಕದನ್ನು ಹಿಡಿದು ಹೊರಗೆ ಬರುತ್ತಿದ್ದರು. ನೋಡಿದವರಿಗೆ ಆರೋಗ್ಯದ ಬಗ್ಗೆ ಕಾಳಜಿ ಇರುವ ಹುಡುಗಿ ಅನಿಸಬೇಕು.

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಮಾಡಿದರು. 36 ಆರೋಗ್ಯವಂತ ಗಂಡಸರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಲ್ಲಿ ಯಾರಿಗೂ ಅನೊರೆಕ್ಸಿಯಾದಂಥ ಊಟದ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರಲಿಲ್ಲ. ಆದರೂ ದಿನ ಕಳೆದಂತೆ ಊಟದ ಯೋಚನೆ ಬಿಟ್ಟು ಬೇರೇನೂ ತಲೆಗೆ ಬಾರದಾಯಿತು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಎಳೆದರು. ಈ ಕತೆಯನ್ನು ಆಕೆಗೆ ಹೇಳಿದ್ದು ಒಂದೇ ಕಾರಣಕ್ಕೆ. ಅಂಗಡಿಯಲ್ಲಿ ಅಲೆಯುವುದು ಆಕೆಯ ಸ್ವಭಾವ ಅಲ್ಲ, ಕಡಿಮೆ ತಿಂದ ಮೆದುಳಿನ ಕೆಲಸ. ಆ ವಾರಗಳಲ್ಲಿ ಅಲೆದಾಟ ಜಾಸ್ತಿಯಾಗಿದ್ದರೆ ಊಟ ಕಡಿಮೆಯಾಗಿದೆ ಅಂತಲೇ ಅರ್ಥ. ತೂಕ ನೋಡುವುದಕ್ಕೂ ಮೊದಲು ನನಗೆ ಸುಳಿವು ಸಿಕ್ಕಿದ್ದು ಇದರಿಂದಲೇ.

ಲೇಬಲ್‌ಗಳು ಇನ್ನಷ್ಟು ಗೊಂದಲ ಮಾಡಿದವು. ಯುರೋಪಿಯನ್ ಒಕ್ಕೂಟದ 1169/2011 ನಿಯಮದ ಪ್ರಕಾರ 2016ರ ಡಿಸೆಂಬರ್‌ನಿಂದ ಪೊಟ್ಟಣದ ಬಹುತೇಕ ಆಹಾರಗಳ ಮೇಲೆ ಪೋಷಕಾಂಶದ ಪಟ್ಟಿ ಕಡ್ಡಾಯ. ಅಲ್ಲಿ ಶಕ್ತಿಯ ಅಳತೆ ಕಿಲೋಜೂಲ್‌ನಲ್ಲೂ ಇರುತ್ತದೆ, ಕಿಲೋಕ್ಯಾಲೊರಿಯಲ್ಲೂ ಇರುತ್ತದೆ. ಕಿಲೋಜೂಲ್ ಮೊದಲು ಬರುತ್ತದೆ, ಅದರ ಅಂಕಿ ಸುಮಾರು ನಾಲ್ಕು ಪಟ್ಟು ದೊಡ್ಡದು. ಆಕೆ ಅದನ್ನು ಕಂಡು ಬೆಚ್ಚಿ ಬ್ರೆಡ್ ವಾಪಸ್ ಇಟ್ಟಿದ್ದರು. ಅಳತೆಯ ಘಟಕ ಬೇರೆ ಅಂತ ತಿಳಿಯಲು ಎಂಜಿನಿಯರ್‌ಗೆ ಎಷ್ಟು ಹೊತ್ತು ಬೇಕು? ತಿಳಿದಿತ್ತು. ಹೆದರಿಕೆಗೆ ಅದು ತಿಳಿಯಬೇಕಲ್ಲ.

ಇನ್ನೊಂದು ನ್ಯೂಟ್ರಿ-ಸ್ಕೋರ್. 2017ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಗಿ ಬೇರೆ ಕೆಲವು ದೇಶಗಳಿಗೂ ಹಬ್ಬಿದ ಗುರುತು. ಪೊಟ್ಟಣದ ಮುಂದೆ ಹಸಿರು ಎ ಇಂದ ಕೆಂಪು ಇ ವರೆಗೆ ಐದು ಬಣ್ಣ. ಶಕ್ತಿ, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಉಪ್ಪು ಜಾಸ್ತಿ ಇದ್ದರೆ ಅಂಕ ಕೆಡುತ್ತದೆ. ನಾರು, ಪ್ರೋಟೀನ್, ಹಣ್ಣು ತರಕಾರಿ ಇದ್ದರೆ ಸುಧಾರಿಸುತ್ತದೆ. ಜಾಸ್ತಿ ತಿನ್ನುವ ಸಮಾಜಕ್ಕೆ ಇದರಿಂದ ಉಪಯೋಗ ಇರಬಹುದು. ಆಕೆಗೆ ಬೇಕಾದ ಚೀಸ್, ಬೆಣ್ಣೆ ಇಂಥವುಗಳ ಮೇಲೆ ಮಾತ್ರ ಕಿತ್ತಳೆಯೋ ಕೆಂಪೋ ಬಣ್ಣ ಕೂತಿರುತ್ತದೆ. ಕಾಯಿಲೆ ಹೇಳುತ್ತಿದ್ದದ್ದನ್ನೇ ಪೊಟ್ಟಣವೂ ಹೇಳಿದಂತಾಯಿತು. ಈ ಬಣ್ಣ ನಿಮ್ಮನ್ನು ನೋಡಿ ಬಳಿದದ್ದಲ್ಲ ಅಂತ ನಾನು ಪದೇಪದೇ ಹೇಳಬೇಕಾಯಿತು.

ಮಾಡಿದ ಬದಲಾವಣೆಗಳು ತೀರಾ ಸಾದಾ. ಮೊದಲು ಒಬ್ಬ ಸಹೋದ್ಯೋಗಿಯ ಜೊತೆ ಅಂಗಡಿಗೆ ಹೋಗಿ ಒಂದು ವಾರದ ಸಾಮಾನು ಕೊಂಡು, ಬುಟ್ಟಿಯ ಫೋಟೋ ತೆಗೆದಿಟ್ಟುಕೊಂಡರು. ಆಮೇಲೆ ಪ್ರತಿ ವಾರ ಆ ಫೋಟೋದಲ್ಲಿ ಇದ್ದದ್ದೇ, ಅದೇ ಬ್ರ್ಯಾಂಡ್, ಅದೇ ಅಳತೆ. ಹೊಸದಾಗಿ ಆರಿಸುವ ಪ್ರಶ್ನೆಯೇ ಇಲ್ಲ. ಕ್ಯಾಮೆರಾದಿಂದ ಅನುವಾದ ಮಾಡುವ ಆ್ಯಪ್ ಬಳಸಬಹುದು, ಆದರೆ ಸಾಮಗ್ರಿಗಳ ಸಾಲು ಓದಲು ಮಾತ್ರ, ಅದೂ ಒಂದು ಪದಾರ್ಥಕ್ಕೆ ಒಂದೇ ಸಲ. ಪೋಷಕಾಂಶದ ಚೌಕದ ಕಡೆ ಕ್ಯಾಮೆರಾ ಹಿಡಿಯಬಾರದು. ಮನೆಗೆ ಬಂದ ಮೇಲೆ ಬ್ರೆಡ್ ಅನ್ನು ಡಬ್ಬಕ್ಕೆ ಹಾಕಿ ಕವರ್ ಬಿಸಾಕುವುದು. ಇದು ಆಕೆಯದೇ ಉಪಾಯ, ನನಗೆ ಬಹಳ ಹಿಡಿಸಿತು.

ಇಲ್ಲಿ ಒಂದು ಎಚ್ಚರಿಕೆ. ಆರ್ಫಿಡ್ ಅನ್ನುವ ಇನ್ನೊಂದು ತೊಂದರೆ ಇದೆ, 2013ರಲ್ಲಿ ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಅಮೆರಿಕದ ಕೈಪಿಡಿ ಡಿಎಸ್‌ಎಮ್-5ರಲ್ಲಿ ಆ ಹೆಸರು ಬಂತು. ಅದರಲ್ಲಿ ದಪ್ಪಗಾಗುವ ಭಯ ಇರುವುದಿಲ್ಲ. ಆಹಾರದ ವಾಸನೆ, ಮೆತ್ತಗೆ ಗಟ್ಟಿ ಅನ್ನುವ ಹದ, ಗಂಟಲಲ್ಲಿ ಸಿಕ್ಕಿಕೊಂಡೀತು ಅನ್ನುವ ಹೆದರಿಕೆಯಿಂದ ತಿನ್ನಲಾಗುವುದಿಲ್ಲ. ಅವರಿಗೆ ಪರದೇಶದಲ್ಲಿ ಬ್ರೆಡ್ಡಿನ ಬ್ರ್ಯಾಂಡ್ ಬದಲಾಗುವುದೇ ದೊಡ್ಡ ಪೆಟ್ಟು. ಒಗ್ಗಿದ ಒಣ ಪದಾರ್ಥಗಳನ್ನು ಹೊತ್ತುಕೊಂಡು ಹೋಗುವುದು, ಹೋಗುವ ಊರಿನಲ್ಲಿ ಅದೇ ಬ್ರ್ಯಾಂಡ್ ಸಿಗುತ್ತಾ ಅಂತ ಮೊದಲೇ ಹುಡುಕುವುದು ಅವರಿಗೆ ನ್ಯಾಯವಾದ ದಾರಿ. ಆಕೆಗೆ ಹೇಳಿದ್ದನ್ನೆಲ್ಲ ಅವರ ಮೇಲೆ ಹಾಕಬಾರದು.

ಹೊಟ್ಟೆ ಉಬ್ಬರ ಮತ್ತು ಇಳಿದ ತೂಕ

ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆ ತೂಕ ನೋಡುವ ಏರ್ಪಾಟಾಗಿತ್ತು. ಆಕೆ ಯಂತ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ, ನರ್ಸ್ ನೋಡಿ ಬರೆದುಕೊಂಡು ನೇರ ಮನೋವೈದ್ಯರಿಗೆ ಇಮೇಲ್ ಮಾಡುತ್ತಾರೆ. ಮೊದಲ ತಿಂಗಳ ಕೊನೆಗೆ ತೂಕ ಇಳಿದಿತ್ತು. ಷರತ್ತಿನ ಗೆರೆ ಮುಟ್ಟಿರಲಿಲ್ಲ, ಆದರೆ ಹೋಗುತ್ತಿದ್ದ ದಿಕ್ಕು ಅದೇ.

ಅದೇ ಹೊತ್ತಿಗೆ ಆಕೆಯ ದೂರು ಹೊಟ್ಟೆ ಉಬ್ಬರದ್ದು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ. "ಇಲ್ಲಿನ ಹಾಲು ಸರಿ ಇಲ್ಲ ಅನ್ಸುತ್ತೆ, ಬಿಡ್ಲಾ?" ಅಂತ ಕೇಳಿದರು. ಉಬ್ಬರ ನಿಜವೇ. ಕಡಿಮೆ ತಿನ್ನುವವರಲ್ಲಿ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ಹಾಗಾಗಿ ಸ್ವಲ್ಪ ತಿಂದರೂ ಭಾರ ಅನಿಸುತ್ತದೆ. ಇದಕ್ಕೆ ಮದ್ದು ಹೊತ್ತಿಗೆ ಸರಿಯಾಗಿ ತಿನ್ನುವುದೇ. ತಿನ್ನುವುದು ಸರಿಹೋದಂತೆ ಜಠರವೂ ವಾರಗಳಲ್ಲಿ ಸುಧಾರಿಸುತ್ತದೆ. ಉಬ್ಬರ ಅಂತ ಒಂದೊಂದೇ ಪದಾರ್ಥ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದು ಹಳೇ ಪಟ್ಟಿಯ ತಿಳಿ ಸೂಪ್.

ಆಫೀಸ್ ಕ್ಯಾಂಟೀನಿನಲ್ಲಿ ಏನು ತಿನ್ನುತ್ತೀರಿ ಅಂತ ಕೇಳಿದಾಗ ಚಿತ್ರ ಸ್ಪಷ್ಟವಾಯಿತು. ದೊಡ್ಡ ತಟ್ಟೆ ಸಲಾಡ್, ದಿನವೂ. ಸಸ್ಯಾಹಾರಿಗೆ ಅದೇ ಸುಲಭ ಅಂತ ಸಹೋದ್ಯೋಗಿಗಳೇ ತೋರಿಸಿದ್ದರಂತೆ. ಹಸಿ ಎಲೆ, ಹಸಿ ತರಕಾರಿ ಹೊಟ್ಟೆಯ ಜಾಗವನ್ನೆಲ್ಲ ತುಂಬುತ್ತವೆ, ಶಕ್ತಿ ಕೊಡುವುದು ತೀರಾ ಕಡಿಮೆ. ನಿಧಾನವಾದ ಜಠರಕ್ಕೆ ಅದಕ್ಕಿಂತ ಭಾರ ಬೇರಿಲ್ಲ. ಸಲಾಡ್ ತಟ್ಟೆಯನ್ನು ಸಣ್ಣ ಬಟ್ಟಲು ಮಾಡಿದೆವು. ಮುಖ್ಯ ಊಟ ಬಿಸಿ ಪದಾರ್ಥದ ಕಡೆಯಿಂದ: ಪಾಸ್ತಾ ಅಥವಾ ಆಲೂಗಡ್ಡೆ ಅಥವಾ ಅನ್ನ, ಅದರ ಮೇಲೆ ಆಲಿವ್ ಎಣ್ಣೆ ಇಲ್ಲವೇ ಬೆಣ್ಣೆ, ಜೊತೆಗೆ ಕಡಲೆಯೋ ಚೀಸೋ. ಊಟದ ಜೊತೆ ನೀರಿನ ಬದಲು ಹಾಲು ಅಥವಾ ಜ್ಯೂಸ್. ಹಾಲು ಬಿಡಲಿಲ್ಲ.

ನಡಿಗೆಯ ವಿಷಯ ಆಮೇಲೆ ಗೊತ್ತಾಯಿತು. ಚಂದದ ಊರು, ಒಳ್ಳೆಯ ಫುಟ್‌ಪಾತ್. ಬಸ್ಸಿಗೆ ಪಾಸ್ ಇದ್ದರೂ ಆಕೆ ಎಲ್ಲ ಕಡೆ ನಡೆದೇ ಹೋಗುತ್ತಿದ್ದರು. ಊರು ನೋಡುವುದು ಅಂತ ಇದಕ್ಕೆ ಹೆಸರು, ತಿಂದದ್ದನ್ನು ಕರಗಿಸುವುದು ಒಳಗಿನ ಉದ್ದೇಶ. ಒಂದು ವಾರ ಆಫೀಸಿಗೆ ಬಸ್ಸಿನಲ್ಲೇ ಹೋಗಿ ಅಂದಾಗ ಸಿಟ್ಟು ಬಂತು. ಸುಮ್ನೆ ಊರು ನೋಡುವವರಿಗೆ ಬಸ್ಸು ಹತ್ತಲು ಹೇಳಿದರೆ ಅಷ್ಟು ಸಿಟ್ಟು ಬರುವುದಿಲ್ಲ. ಬಸ್ಸು ನಿಯಮವಾಯಿತು.

ತೂಕ ಇಳಿದ ಮೇಲೆ ಒಮ್ಮೆಲೇ ಜಾಸ್ತಿ ತಿನ್ನಿಸಿ ಸರಿಮಾಡುತ್ತೇವೆ ಅಂತ ಮನೆಯವರು ಹೊರಡುವುದುಂಟು. ಆಕೆಯ ವಿಷಯದಲ್ಲಿ ಇಳಿಕೆ ಚಿಕ್ಕದು, ಅಪಾಯ ಕಡಿಮೆ ಇತ್ತು. ಆದರೆ ಬಹಳ ದಿನ ಏನೂ ತಿನ್ನದವರಿಗೆ, ತೂಕ ತೀರಾ ಇಳಿದವರಿಗೆ ಹೀಗೆ ಮಾಡಬಾರದು. ದಿಢೀರನೆ ಊಟ ಶುರುವಾದಾಗ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಅದನ್ನು ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಅಂಥವರು ವೈದ್ಯರ ಕಣ್ಣಳತೆಯಲ್ಲಿ, ರಕ್ತ ಪರೀಕ್ಷೆ ಮಾಡಿಸುತ್ತಾ ಊಟ ಹೆಚ್ಚಿಸಬೇಕು. ತಲೆಸುತ್ತಿ ಬೀಳುವುದು, ಎದೆ ಡವಗುಟ್ಟುವುದು, ಕೈಕಾಲು ಊದುವುದು ಕಂಡರೆ ಯಾವ ದೇಶದಲ್ಲಿದ್ದರೂ ನೇರ ಆಸ್ಪತ್ರೆಗೆ ಹೋಗಬೇಕು, ವಿಡಿಯೋ ಕಾಲ್‌ಗೆ ಕಾಯಬಾರದು.

ಹತ್ತು ನಿಮಿಷದ ನಿಯಮ

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಇಲ್ಲಿ. ಆಕೆಯ ಅರ್ಧ ಊಟಗಳು ತಪ್ಪುತ್ತಿದ್ದದ್ದು ಬೇಡ ಅಂದದ್ದಕ್ಕೆ ಅಲ್ಲ, ಆರಿಸುತ್ತಾ ನಿಂತದ್ದಕ್ಕೆ. ರೈಲು ನಿಲ್ದಾಣದಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ನೋಡುವುದು, ಮೆನು ಓದುವುದು, ಇನ್ನೂ ಸರಳವಾದದ್ದು ಮುಂದೆ ಸಿಗಬಹುದು ಅಂತ ಹೊರಡುವುದು. ಅಷ್ಟರಲ್ಲಿ ರೈಲು ಬರುತ್ತದೆ.

ನಾವು ಒಂದು ಡಿಫಾಲ್ಟ್ ಊಟ ಗೊತ್ತು ಮಾಡಿದೆವು: ಚೀಸ್ ಸ್ಯಾಂಡ್‌ವಿಚ್, ಬಾಳೆಹಣ್ಣು, ಒಂದು ಬಾಟಲಿ ಹಾಲು ಅಥವಾ ಜ್ಯೂಸ್. ಹತ್ತು ನಿಮಿಷದಲ್ಲಿ ಏನು ತಿನ್ನಬೇಕು ಅಂತ ತೀರ್ಮಾನವಾಗದಿದ್ದರೆ ಚರ್ಚೆ ಮುಗಿಯಿತು, ಡಿಫಾಲ್ಟ್. ಅದೂ ಸಿಗದಿದ್ದರೆ ಚೀಲದಲ್ಲಿ ಸದಾ ಇರುವ ಬೀಜ, ಒಣಹಣ್ಣು, ಬಿಸ್ಕತ್ತು. ಅವು ಊಟಕ್ಕೆ ಬದಲಿ ಅಲ್ಲ, ಮುಂದಿನ ಅಂಗಡಿ ಸಿಗುವವರೆಗೆ ದೂಡಲು. ಸಾಫ್ಟ್‌ವೇರಿನವರಿಗೆ ಈ ಲೆಕ್ಕ ಬೇಗ ಹಿಡಿಯಿತು. "ಟೈಮ್‌ಔಟ್ ಆದ್ರೆ ಡಿಫಾಲ್ಟ್ ವ್ಯಾಲ್ಯೂ, ಅಷ್ಟೇ ಅಲ್ವಾ ಮೇಡಂ" ಅಂದರು. ಅಷ್ಟೇ.

ಇದರ ಗುಣ ಅದರ ರುಚಿಯಲ್ಲಿಲ್ಲ, ಪೌಷ್ಟಿಕತೆಯಲ್ಲೂ ಇಲ್ಲ. ಕಾಯಿಲೆಗೆ ಮಾತಾಡಲು ಸಮಯ ಕೊಡುವುದಿಲ್ಲ, ಅದೇ ಗುಣ. ಡಿಫಾಲ್ಟ್ ಊಟ ಕೆಲವು ವಾರ ದಿನಕ್ಕೆರಡು ಸಲವೂ ಆಯಿತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ತಿಂಗಳಲ್ಲಿ ತೂಕ ಇಳಿಯುವುದು ನಿಂತಿತು, ಮೂರನೆಯದರಲ್ಲಿ ಏರತೊಡಗಿತು.

ಮಧ್ಯೆ ಕೆಲಸದ ಮೇಲೆ ಲಂಡನ್‌ಗೆ ಹೋಗಬೇಕಾಯಿತು. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ರೆಸ್ಟೋರೆಂಟ್, ಕೆಫೆಗಳು ಮೆನುವಿನಲ್ಲಿ ಕ್ಯಾಲೊರಿ ಹಾಕಲೇಬೇಕು. ಅಮೆರಿಕದಲ್ಲೂ 2018ರಿಂದ 20ಕ್ಕಿಂತ ಕಡಿಮೆಯಿಲ್ಲದಷ್ಟು ಶಾಖೆಗಳಿರುವ ಹೋಟೆಲ್‌ಗಳಿಗೆ ಇಂಥದ್ದೇ ನಿಯಮ. ಇಂಗ್ಲೆಂಡಿನ ನಿಯಮದಲ್ಲಿ, ಗಿರಾಕಿ ಕೇಳಿದರೆ ಅಂಕಿ ಇಲ್ಲದ ಮೆನು ಕೊಡಲು ಅವಕಾಶವಿದೆ. ಅದನ್ನು ಕೇಳುವ ಒಂದು ವಾಕ್ಯವನ್ನು ಆಕೆ ಅಭ್ಯಾಸ ಮಾಡಿಕೊಂಡು ಹೋದರು. ಒಂದು ಕಡೆ ಕೊಟ್ಟರು. ಇನ್ನೊಂದು ಕಡೆ ಅಂಥದ್ದು ಇಲ್ಲ ಅಂದರು, ಆಗ ಜೊತೆಗಿದ್ದ ಸಹೋದ್ಯೋಗಿ ಮೆನು ಓದಿ ಹೇಳಿದರು. ಚಿಕ್ಕ ಸ್ವತಂತ್ರ ಹೋಟೆಲ್‌ಗಳಿಗೆ ಆ ನಿಯಮ ಇಲ್ಲವಾದ್ದರಿಂದ ಉಳಿದ ದಿನ ಅಂಥ ಕಡೆಗೇ ಹೋದರು.

ಆ ಸಹೋದ್ಯೋಗಿಗೆ ಆಕೆ ವಿಷಯ ಹೇಳಿದ್ದರು. ಎಲ್ಲರಿಗೂ ಹೇಳುವ ಅಗತ್ಯವಿಲ್ಲ, ಆದರೆ ಒಬ್ಬರಿಗಾದರೂ ಗೊತ್ತಿರಲಿ ಅಂತ ನಾನು ಒತ್ತಾಯ ಮಾಡಿದ್ದೆ. ಹೇಳಿದ್ದು ಇಷ್ಟೇ: "ನನಗೆ ಊಟದ ಕಾಯಿಲೆ ಇತ್ತು, ವಾಸಿಯಾಗ್ತಿದೆ. ಮಧ್ಯಾಹ್ನ ಜೊತೆಗೆ ಊಟಕ್ಕೆ ಬನ್ನಿ. ನನ್ನ ತಟ್ಟೆ ಬಗ್ಗೆ ಏನೂ ಹೇಳಬೇಡಿ, ತೂಕದ ಬಗ್ಗೆ ಮಾತು ಬೇಡ." ಏನು ಮಾಡಬೇಕು ಅಂತ ಹೇಳಿದರೆ ಜನ ಮಾಡುತ್ತಾರೆ. ಬರೀ ಕಾಯಿಲೆಯ ಹೆಸರು ಹೇಳಿದರೆ ಗಾಬರಿಯಾಗಿ "ಸ್ವಲ್ಪ ತಿನ್ರೀ" ಅಂತ ಶುರು ಮಾಡುತ್ತಾರೆ.

ಪಟ್ಟಿ ಬೆಳೆದದ್ದು

ಊಟದ ಹೊತ್ತು, ಅಳತೆ ಎರಡೂ ನಿಂತ ಮೇಲೆಯೇ ಹೊಸ ಪದಾರ್ಥಗಳ ಮಾತು ಎತ್ತಿದೆ. ವಾರಕ್ಕೆ ಒಂದು, ಜೊತೆಯಲ್ಲಿ ಯಾರಾದರೂ ಇರುವಾಗ, ಡಿಫಾಲ್ಟ್ ಊಟಕ್ಕೆ ಬದಲಾಗಿ ಅಲ್ಲ, ಅದರ ಪಕ್ಕಕ್ಕೆ. ಮೊದಲು ಬೇಕರಿಯ ಕ್ರೋಸಾಂ ಬಂತು. ಅರ್ಧ ತಿಂದು ಇಟ್ಟರು. ಮುಂದಿನ ವಾರ ಅದನ್ನೇ ಮತ್ತೆ. ಹೊಸದನ್ನು ಒಮ್ಮೆ ತಿಂದು ಗೆದ್ದೆ ಅಂತ ಗುರುತು ಹಾಕಿ ಮುಂದಕ್ಕೆ ಹೋಗುವುದರಿಂದ ಪ್ರಯೋಜನ ಕಡಿಮೆ. ಹೆದರಿಕೆ ಬೋರಾಗುವವರೆಗೆ ಅದನ್ನೇ ತಿನ್ನಬೇಕು. ಪಿಜ್ಜಾ, ಐಸ್‌ಕ್ರೀಮ್ ಆಮೇಲೆ ಬಂದವು. ಸಹೋದ್ಯೋಗಿ ಮನೆಗೆ ಕರೆದಾಗ ಏನು ಹಾಕಿದ್ದಾರೆ ಅಂತ ಕೇಳದೆ ತಿಂದದ್ದನ್ನು ಆಕೆ ಸಂದೇಶ ಕಳಿಸಿ ಹೇಳಿದರು. ಸಸ್ಯಾಹಾರ ಅಂತ ಖಚಿತ ಮಾಡಿಕೊಂಡಿದ್ದರು, ಬೇರೇನೂ ಕೇಳಿರಲಿಲ್ಲ.

ಪ್ರಾಜೆಕ್ಟ್ ಮುಗಿಸಿ ಬರುವಾಗ ತೂಕ ಹೊರಟಾಗಿನ ಮಟ್ಟಕ್ಕೆ ಬಂದಿತ್ತು. ರಕ್ತ ಪರೀಕ್ಷೆ ಸರಿ ಇತ್ತು. ಒಂದು ತಿಂಗಳು ತಪ್ಪಿದ್ದ ಮುಟ್ಟು ಮತ್ತೆ ಬಂದಿತ್ತು. ಆಗದೆ ಉಳಿದದ್ದೂ ಇದೆ. ಕರಿದ ತಿಂಡಿಗಳನ್ನು ಇನ್ನೂ ಮುಟ್ಟಿಲ್ಲ. ರೆಸ್ಟೋರೆಂಟಿನಲ್ಲಿ ಒಬ್ಬರೇ ಕೂತು ಮೆನು ನೋಡಿ ಆರಿಸುವುದು ಈಗಲೂ ಕಷ್ಟ, ಹತ್ತು ನಿಮಿಷದ ನಿಯಮ ಅಲ್ಲಿ ಇನ್ನೂ ಚಾಲ್ತಿಯಲ್ಲಿದೆ. ನಡಿಗೆಯ ವಿಷಯವನ್ನು ಮನೋವೈದ್ಯರು ಬೇರೆಯಾಗಿ ನೋಡುತ್ತಿದ್ದಾರೆ.

ಕಂಪನಿ ಮತ್ತೆ ಕಳಿಸುವ ಮಾತಾಡುತ್ತಿದೆ. ಈ ಸಲ ತಲುಪುವ ದಿನ ಸೋಮವಾರವೋ ಮಂಗಳವಾರವೋ ಇರುವಂತೆ ಟಿಕೆಟ್ ಮಾಡಿಸಿ ಅಂದಿದ್ದೇನೆ, ಅಂಗಡಿಗಳು ತೆರೆದಿರುತ್ತವೆ. ಪೀನಟ್ ಬಟರ್ ದೊಡ್ಡ ಬ್ಯಾಗಿಗೆ ಹೋಗುತ್ತದೆ. ತೂಕ ನೋಡುವ ಕ್ಲಿನಿಕ್ಕನ್ನು ಹೊರಡುವ ಮೊದಲೇ ಗೊತ್ತು ಮಾಡುತ್ತೇವೆ, ಮೊದಲ ತೂಕ ಮೊದಲ ವಾರದಲ್ಲೇ ಆಗಬೇಕು. ಕೋಣೆಗೆ ಸ್ವಂತ ಅಡುಗೆಮನೆ ಇರಬೇಕು ಅಂತ ಆಕೆ ಕಂಪನಿಗೆ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.